ಸ್ವತಂತ್ರ ಸಂಸ್ಥೆಗಳ ಕೂಡುಜಾಲವೂ ಸ್ವಯಂಚಾಲನೆಯೂ

ಸ್ವತಂತ್ರ ಸಂಸ್ಥೆಗಳು ಹಲವು ಕೂಡಿ ನಡೆಸುವ ಜಾಲಸೇವೆಯನ್ನು ಯಂತ್ರಗಳಿಗೆ ಒಪ್ಪಿಸುವಾಗ ನಿರ್ಣಯಾಧಿಕಾರವು ಯಾರಲ್ಲಿರಬೇಕು? 1986ರಲ್ಲಿ ಎಂಟು ಸಂಸ್ಥೆಗಳು ಸೇರಿ ಆರಂಭಿಸಿದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದಾಗಿದ್ದಿತು. ಆದಕಾರಣ ಈ ಪ್ರಶ್ನೆ ನಮಗೆ ಹೊರಗಿನದಲ್ಲ.

ಭಾರತದಲ್ಲಿ ಅರ್ನೆಟ್ ನಿರ್ವಹಿಸುವ ಎಡುರೋಮ್ ಸೇವೆಯನ್ನೇ ನೋಡೋಣ. ಬಾಪೂಜಿ ನಗರದ ಅಧ್ಯಾಪಕರೊಬ್ಬರು ಸದಸ್ಯತ್ವವುಳ್ಳ ಪರಸಂಸ್ಥೆಯೊಂದಕ್ಕೆ ಅತಿಥಿಯಾಗಿ ಹೋದರೆನ್ನಿ. ಅಲ್ಲಿನ ಸರ್ವರ್ ಅವರ ಬಳಕೆಹೆಸರಿನ ಕೊನೆಯಲ್ಲಿರುವ ಸಂಸ್ಥೆಯ ಹೆಸರನ್ನು ಓದಿ, ವಿಚಾರಣೆಯನ್ನು ರಾಷ್ಟ್ರೀಯ ಸರ್ವರಿನ ಮೂಲಕ ಮಾತೃಸಂಸ್ಥೆಗೆ ಕಳುಹಿಸುತ್ತದೆ. ಇವರು ನಮ್ಮವರು ಹೌದೋ ಅಲ್ಲವೋ ಎಂಬುದನ್ನು ಮಾತೃಸಂಸ್ಥೆಯೇ ನಿರ್ಣಯಿಸುತ್ತದೆ. ಪಾಸ್‌ವರ್ಡು ಗೂಢಲಿಪಿಯಲ್ಲಿ ಸಾಗುವುದರಿಂದ ನಡುವಣ ಯಾರಿಗೂ ತಿಳಿಯದು. ಆದರೆ ಮಾತೃಸಂಸ್ಥೆಯ ಪ್ರಮಾಣಪತ್ರವನ್ನು ಪರೀಕ್ಷಿಸದಂತೆ ಅಧ್ಯಾಪಕರ ಫೋನನ್ನು ಅಣಿಮಾಡಿದ್ದರೆ, ವೇಷಧಾರಿ ಸರ್ವರೊಂದು ಅದನ್ನು ಅಪಹರಿಸಬಲ್ಲುದು. ಈ ಅಂಶವನ್ನು ಅನೇಕರು ಲಘುವಾಗಿ ಎಣಿಸುತ್ತಾರೆ.

ಹಲವು ಜಾಲಗಳನ್ನು ಹಾಯ್ದುಹೋಗುವ ಮೀಸಲು ಮಾರ್ಗವನ್ನು ಏರ್ಪಡಿಸುವುದು ಇನ್ನೂ ಕಠಿನ. ಎಲ್ಲಕ್ಕೂ ಒಂದೇ ಕೇಂದ್ರಯಂತ್ರವಿದ್ದರೆ ಸುಲಭವೆಂದು ತೋರೀತು; ಆದರೆ ತನ್ನ ಉಪಕರಣಗಳ ಕೀಲಿಕೈಯನ್ನು ಯಾವ ವಿಶ್ವವಿದ್ಯಾನಿಲಯವು ಅನ್ಯರಿಗೆ ಒಪ್ಪಿಸೀತು? ಬೇಕಾದುದೇನೆಂಬುದನ್ನು ಮಾತ್ರ ಸಮಾನ ಪರಿಭಾಷೆಯಲ್ಲಿ ಕೇಳಿ, ನೆರವೇರಿಸುವ ಬಗೆಯನ್ನು ಆಯಾ ಜಾಲಕ್ಕೇ ಬಿಡುವುದು ಯುಕ್ತ. ಮೂರನೆಯ ಜಾಲವು ನಿರಾಕರಿಸಿದರೆ ಮೊದಲೆರಡು ಜಾಲಗಳು ಕಾದಿರಿಸಿದ್ದನ್ನು ತಾವಾಗಿಯೇ ಬಿಟ್ಟುಕೊಡಬೇಕು. ಇಲ್ಲವಾದರೆ ಮಾರ್ಗವು ಯಾರಿಗೂ ಒದಗದೆ ವ್ಯರ್ಥವಾಗಿ ಬಿದ್ದಿರುತ್ತದೆ. ಉತ್ತರವು ನಡುದಾರಿಯಲ್ಲಿ ಕಳೆದುಹೋಗಿ ಅದೇ ಕೋರಿಕೆ ಮರಳಿ ಬಂದರೆ, ಎರಡನೆಯ ಮಾರ್ಗವನ್ನು ತೆರೆಯದೆ ಮೊದಲಿನದನ್ನೇ ತೋರಿಸಬೇಕು.