ಹಲ್ಲುನೋವು ತಾನಾಗಿ ನಿಂತಾಗ

ರಾತ್ರಿ ಎರಡು ಗಂಟೆ. ಅಡುಗೆಮನೆಯ ದೀಪ ಉರಿಯುತ್ತಿತ್ತು. ಎದ್ದು ಹೋಗಿ ನೋಡಿದರೆ ಅಪ್ಪ ಫ್ರಿಜ್ಜಿನ ನೀರಿನ ಬಾಟಲಿ ಮುಂದಿಟ್ಟುಕೊಂಡು ಕೂತಿದ್ದರು. ಒಂದು ಗುಟುಕು ಬಾಯಿಗೆ ಹಾಕಿಕೊಂಡು ಬಲಗೆನ್ನೆಯಲ್ಲಿ ನಿಲ್ಲಿಸಿಕೊಳ್ಳುವರು. ನೀರು ಬೆಚ್ಚಗಾಗುತ್ತಿದ್ದಂತೆ ಮುಖ ಹಿಂಡಿಕೊಂಡು ಉಗಿದು ಇನ್ನೊಂದು ಗುಟುಕು. ಅಮ್ಮ ಇಟ್ಟುಕೊಟ್ಟಿದ್ದ ಲವಂಗ ಯಾವಾಗಲೋ ಆ ನೀರಿನ ಜೊತೆ ಹೋಗಿತ್ತು.

"ತಣ್ಣೀರು ಇದ್ರೆ ತಡ್ಕೋಬಹುದು. ಮಲಗಿದ್ರೆ ಸಿಡಿಯತ್ತೆ ಕಣಮ್ಮ" ಎಂದರು.

ಎರಡು ರಾತ್ರಿ ಹೀಗೇ ಕಳೆಯಿತು. ಮೂರನೆಯ ದಿನ ಬೆಳಿಗ್ಗೆ ನೋವು ಮಾಯ. ಅಪ್ಪ ಬಿಸಿ ಕಾಫಿ ಕುಡಿದು, "ನೋಡು, ಡಾಕ್ಟ್ರ ಹತ್ರ ಓಡಿದ್ದಿದ್ರೆ ಸುಮ್ನೆ ಹಲ್ಲು ಕಿತ್ತಿರೋರು" ಎಂದರು. ನಾವೂ ಹೌದೆಂದುಕೊಂಡೆವು. ವಾರ ತುಂಬುವುದರೊಳಗೆ ಕೆನ್ನೆ ಊದಿಕೊಂಡು, ದವಡೆ ಬಿಗಿದು, ತುತ್ತು ಇಡಲಿಕ್ಕೂ ಬಾಯಿ ತೆರೆಯದಂತಾಯಿತು. ಆ ಮೂರನೆಯ ದಿನ ಹಲ್ಲಿನೊಳಗೆ ನಡೆದದ್ದೇನೆಂದು ನನಗೆ ಗೊತ್ತಿದ್ದಿದ್ದರೆ, ಕಾಫಿ ಲೋಟ ಕೆಳಗಿಡುವ ಮುಂಚೆಯೇ ಅವರನ್ನು ಹೊರಡಿಸಿಕೊಂಡು ಹೋಗುತ್ತಿದ್ದೆ.

ಹಲ್ಲಿನ ಹೊರಕವಚ ಎನಾಮಲ್. ಮನುಷ್ಯನ ಮೈಯಲ್ಲಿ ಅದರಷ್ಟು ಗಟ್ಟಿಯಾದದ್ದು ಬೇರೆ ಇಲ್ಲ. ತೂಕದಲ್ಲಿ ಸುಮಾರು ಶೇ 96 ಭಾಗ ಖನಿಜ. ನರವಿಲ್ಲದ್ದರಿಂದ ಅದಕ್ಕೆ ನೋವೂ ಇಲ್ಲ. ಅದರಡಿ ಡೆಂಟಿನ್, ಉದ್ದಕ್ಕೂ ಕಣ್ಣಿಗೆ ಕಾಣದಷ್ಟು ಸಣ್ಣ ನಳಿಗೆಗಳು, ಅವುಗಳ ತುಂಬ ದ್ರವ. ನಟ್ಟನಡುವೆ ರಕ್ತನಾಳ, ನರಗಳಿರುವ ಮೆತ್ತನೆಯ ತಿರುಳು. ನಾವು ತಿಂದ ಸಕ್ಕರೆಯನ್ನು ಬಾಯಿಯ ಬ್ಯಾಕ್ಟೀರಿಯಾಗಳು ಆಮ್ಲವಾಗಿಸುತ್ತವೆ. ಹಲ್ಲಿನ ಮೇಲೆ ಪಿಎಚ್ 5.5ಕ್ಕಿಂತ ಕೆಳಗಿಳಿದಾಗಲೆಲ್ಲ ಎನಾಮಲ್ ಚೂರುಚೂರೇ ಕರಗುತ್ತದೆ. 'ಹುಳುಕು ಹಲ್ಲು' ಎನ್ನುವ ನಮ್ಮ ಮಾತಿನೊಳಗೇ ಒಂದು ಹುಳ ಕೂತಿದೆ. ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ 1728ರಲ್ಲೇ ತನ್ನ ಗ್ರಂಥದಲ್ಲಿ ಹುಳದ ಮಾತನ್ನು ತಳ್ಳಿಹಾಕಿದ. ಆದರೂ ನೆಲಗುಳ್ಳದ ಬೀಜದ ಹೊಗೆ ಹಿಡಿಸಿ 'ಹುಳ' ಉದುರಿಸಿ ತೋರಿಸುವವರ ಮುಂದೆ ಬಾಯಿ ತೆರೆದು ಕೂತವರು ನಮ್ಮ ಹಳ್ಳಿಗಳಲ್ಲಿ ಕಡಿಮೆಯೇನಲ್ಲ. ಉದುರುವುದು ಬೀಜದೊಳಗಿನ ಬಿಳಿ ಮೊಳಕೆ.

ಹುಳುಕು ಡೆಂಟಿನ್ ಮುಟ್ಟಿದಾಗ ಐಸ್‌ಕ್ರೀಮಿಗೋ ಸಿಹಿಗೋ ಹಲ್ಲು ಜುಮ್ಮೆನ್ನುತ್ತದೆ. ನಳಿಗೆಯೊಳಗಿನ ದ್ರವ ಒಮ್ಮೆಲೇ ಅಲುಗಾಡಿ ಒಳಗಿನ ನರವನ್ನು ಕೆಣಕುವುದೇ ಇದಕ್ಕೆ ಕಾರಣ ಎಂದು 1960ರ ದಶಕದಲ್ಲಿ ಸ್ವೀಡನ್ನಿನ ಮಾರ್ಟಿನ್ ಬ್ರೆನ್‌ಸ್ಟ್ರೋಮ್ ವಿವರಿಸಿದರು. ಜುಮ್ಮೆಂದದ್ದು ಕೆಲವೇ ಸೆಕೆಂಡುಗಳಲ್ಲಿ ನಿಂತರೆ ತಿರುಳು ಇನ್ನೂ ಉಳಿಯುವ ಸ್ಥಿತಿಯಲ್ಲಿದೆ ಎಂದೇ ಅರ್ಥ. ಆ ಹಂತದಲ್ಲಿ ಒಂದು ಸಾದಾ ಫಿಲ್ಲಿಂಗ್ ಸಾಕಾಗುತ್ತದೆ. ತಣ್ಣಗಿನದು ಗಂಟಲಿಳಿದು ಎಷ್ಟೋ ಹೊತ್ತಾದರೂ ನೋವು ಬಿಡುವುದಿಲ್ಲ, ಯಾವ ಕಾರಣವೂ ಇಲ್ಲದೆ ಸಿಡಿತ ಶುರುವಾಗುತ್ತದೆ ಎಂದರೆ ಸೋಂಕು ತಿರುಳಿಗೆ ಇಳಿದಿದೆ.

ಕೈಮೇಲೆ ಕುರುವೆದ್ದರೆ ಚರ್ಮ ಹಿಗ್ಗಿ ಬಾವಿಗೆ ಜಾಗ ಕೊಡುತ್ತದೆ. ಹಲ್ಲಿನ ತಿರುಳಿಗೆ ಸುತ್ತಲೂ ಗೋಡೆ. ಬಾತುಕೊಳ್ಳಲು ಜಾಗವಿಲ್ಲದೆ ಒಳಗಿನ ಒತ್ತಡ ಏರಿ ನರವನ್ನು ಹಿಸುಕುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುವುದರಿಂದ ನೋವು ರಾತ್ರಿಯೇ ಜೋರು. ತಲೆಯಡಿ ಎರಡು ದಿಂಬಿಟ್ಟರೆ ಸ್ವಲ್ಪ ತಗ್ಗುವುದೂ ಅದಕ್ಕೇ. ಬಿಸಿ ತಾಗಿದರೆ ಒತ್ತಡ ಇನ್ನೂ ಏರುತ್ತದೆ, ತಂಪಿಗೆ ಇಳಿಯುತ್ತದೆ. ತಣ್ಣೀರು ಬಾಯಲ್ಲಿ ಹಿಡಿದುಕೊಂಡೇ ಬರುವ ರೋಗಿಯನ್ನು ನೋಡಿದ ದಂತವೈದ್ಯರಿಗೆ ಬಾಯಿ ತೆರೆಸುವ ಮುಂಚೆಯೇ ಅರ್ಧ ವಿಷಯ ತಿಳಿದಿರುತ್ತದೆ: ಈ ತಿರುಳು ಉಳಿಯುವುದಿಲ್ಲ. ರೂಟ್ ಕೆನಾಲ್ ಮಾಡಬೇಕು, ಇಲ್ಲವೇ ಹಲ್ಲು ಕೀಳಬೇಕು. ಅಂಥ ರೋಗಿಗೆ ಯಾವ ಹಲ್ಲು ಎಂದು ತೋರಿಸಲಿಕ್ಕೂ ಎಷ್ಟೋ ಸಲ ಆಗುವುದಿಲ್ಲ. ಮೇಲಿನ, ಕೆಳಗಿನ ಹಲ್ಲುಗಳ ಸುದ್ದಿಯನ್ನೆಲ್ಲ ಮಿದುಳಿಗೆ ಒಯ್ಯುವುದು ಒಂದೇ ನರದ ಕವಲುಗಳು. ಕಿವಿನೋವೆಂದು ಕಿವಿಯ ಡಾಕ್ಟರರ ಬಳಿ ಹೋಗುವವರೂ ಇದ್ದಾರೆ.

ಮೂರನೆಯ ದಿನ ಅಪ್ಪನ ಹಲ್ಲಿನ ನರ ಸತ್ತಿತ್ತು. ನೋವು ಹೇಳಲು ಯಾರೂ ಉಳಿದಿರಲಿಲ್ಲ. ಸತ್ತ ತಿರುಳನ್ನು ತಿನ್ನುತ್ತ ಬ್ಯಾಕ್ಟೀರಿಯಾಗಳು ಬೇರಿನ ತುದಿಯಿಂದ ದವಡೆಯ ಮೂಳೆಗಿಳಿದು ಕೀವು ಕಟ್ಟಲಾರಂಭಿಸಿದ್ದವು.

ಊದಿಕೊಂಡ ದಿನ ನಾವು ಮೊದಲು ಹೋದದ್ದು ಮೆಡಿಕಲ್ ಸ್ಟೋರಿಗೆ. ನಮ್ಮೂರುಗಳಲ್ಲಿ "ಹಲ್ಲುನೋವಿಗೆ ಕೊಡಿ" ಎಂದರೆ ಸಾಕು, ಕತ್ತರಿಸಿದ ಮಾತ್ರೆಯ ಚೂರುಗಳು ಕೈಗೆ ಬರುತ್ತವೆ, ಅದರಲ್ಲೊಂದು ಆಂಟಿಬಯಾಟಿಕ್ ಇದ್ದೇ ಇರುತ್ತದೆ. ಸತ್ತ ತಿರುಳಿನಲ್ಲಿ ರಕ್ತ ಓಡುವುದಿಲ್ಲ; ರಕ್ತ ಹೋಗದ ಕಡೆ ಮಾತ್ರೆಯ ಮದ್ದು ಹೋಗುವುದು ಹೇಗೆ? ಜ್ವರ, ಹರಡುವ ಊತ ಇಲ್ಲದ ಬರೀ ಹಲ್ಲುನೋವಿಗೆ, ಹಲ್ಲಿಗೆ ಚಿಕಿತ್ಸೆ ಸಿಗುವಾಗ ಆಂಟಿಬಯಾಟಿಕ್ ಕೊಡಬೇಡಿ ಎಂದು ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಸ್ಪಷ್ಟವಾಗಿ ಹೇಳಿತು. ಊತವಿದ್ದಾಗಲೂ ಮಾತ್ರೆ ಸಹಾಯಕ ಅಷ್ಟೆ. ಕೀವಿಗೆ ದಾರಿ ಮಾಡಿಕೊಡಲೇಬೇಕು.

ಡಾಕ್ಟರರ ಬಳಿ ತಲುಪುವವರೆಗೆ ಏನು ಮಾಡಬಹುದು? ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ. ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ ಅನ್ನು ಚೀಟಿಯಲ್ಲಿರುವ ಪ್ರಮಾಣ ಮೀರದಂತೆ ತೆಗೆದುಕೊಳ್ಳಬಹುದು. ಆದರೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು, ಡೆಂಗಿಯ ಅನುಮಾನ ಇರುವವರು ಐಬುಪ್ರೊಫೆನ್ ಮುಟ್ಟಬಾರದು. ಲವಂಗದಲ್ಲಿರುವ ಯೂಜಿನಾಲ್ ನಿಜಕ್ಕೂ ನರವನ್ನು ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ದಂತವೈದ್ಯರ ತಾತ್ಕಾಲಿಕ ಫಿಲ್ಲಿಂಗಿನಲ್ಲೂ ಅದೇ ಇದೆ. ಅಮ್ಮನ ಲವಂಗಕ್ಕೆ ನಾನು ಎದುರಾಡುವುದಿಲ್ಲ. ಆಸ್ಪಿರಿನ್ ಮಾತ್ರೆಯನ್ನು ವಸಡಿನ ಮೇಲೆ ಒತ್ತಿಟ್ಟುಕೊಂಡರೆ ಮಾತ್ರ ವಸಡು ಸುಟ್ಟು ಬೆಳ್ಳಗಾಗುತ್ತದೆ. ಕಡ್ಡಿಪುಡಿ ಇಟ್ಟುಕೊಳ್ಳುವುದು ಇನ್ನೂ ಕೆಟ್ಟದ್ದು. ಹಲ್ಲುನೋವಿಗೆಂದು ಹಿಡಿದ ತಂಬಾಕು ಆಮೇಲೆ ಬಿಡದೆ, ಬಾಯಿಯ ಕ್ಯಾನ್ಸರಿನವರೆಗೆ ಕರೆದೊಯ್ಯಬಹುದು.

ಕೊನೆಗೆ ದಂತವೈದ್ಯರ ಬಳಿ ಹೋದಾಗ, ಅಪ್ಪನಿಗೆ ಮರಗಟ್ಟಿಸುವ ಇಂಜೆಕ್ಷನ್ ಎರಡು ಸಲ ಕೊಟ್ಟರೂ ಪೂರ್ತಿ ಹತ್ತಲಿಲ್ಲ. ಕುರ್ಚಿಯ ಕೈ ಹಿಡಿದ ಅವರ ಬೆರಳುಗಳು ಬಿಳಿಚಿಕೊಂಡದ್ದು ಇವತ್ತಿಗೂ ನನ್ನ ಕಣ್ಣಲ್ಲಿದೆ. ಡಾಕ್ಟರರ ಕೈಯಲ್ಲಿ ತಪ್ಪಿರಲಿಲ್ಲ. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ ಲಿಡೊಕೇನ್ ಇಂದಿಗೂ ದಂತವೈದ್ಯರ ಬಲಗೈ. ಅದು ನರದ ಪೊರೆ ದಾಟಬೇಕಾದರೆ ಅಣುವಿನ ಮೇಲೆ ವಿದ್ಯುದಾವೇಶ ಇರಬಾರದು. ಕೀವು ಕಟ್ಟಿದ ಜಾಗ ಆಮ್ಲೀಯ. ಅಲ್ಲಿ ಹೆಚ್ಚಿನ ಅಣುಗಳು ಆವೇಶ ಹೊತ್ತು ಪೊರೆಯ ಹೊರಗೇ ಉಳಿದುಬಿಡುತ್ತವೆ. ಹೆದರಿ ತಡಮಾಡಿದಷ್ಟೂ, ಯಾವ ನೋವಿಗೆ ಹೆದರಿದ್ದೆವೋ ಅದನ್ನೇ ಹೆಚ್ಚಿಸಿಕೊಂಡಿರುತ್ತೇವೆ.

ಅಪ್ಪನ ಊತ ಕೆನ್ನೆಯಲ್ಲೇ ನಿಂತಿತು. ಕೆಳದವಡೆಯ ಹಿಂದಿನ ಹಲ್ಲುಗಳ ಕೀವು ಕೆಲವೊಮ್ಮೆ ನಾಲಿಗೆಯಡಿಗೆ, ಕುತ್ತಿಗೆಗೆ ಇಳಿಯುತ್ತದೆ. ಜರ್ಮನಿಯ ವೈದ್ಯ ಲುಡ್‌ವಿಗ್ 1836ರಲ್ಲಿ ವಿವರಿಸಿದ ಈ ಸ್ಥಿತಿಗೆ ಅವನದೇ ಹೆಸರಿದೆ. ಗಲ್ಲದಡಿ ಎರಡೂ ಕಡೆ ಹಲಗೆಯಂತೆ ಗಟ್ಟಿಯಾಗುತ್ತದೆ, ನಾಲಿಗೆ ಮೇಲೆದ್ದು ಉಸಿರಿನ ದಾರಿಯನ್ನೇ ಮುಚ್ಚಬಹುದು. ಎಂಜಲು ನುಂಗಲಾಗದೆ ಸುರಿಯುತ್ತಿದ್ದರೆ, ದನಿ ಬದಲಾದರೆ, ಉಸಿರಾಡುವುದು ಕಷ್ಟವಾದರೆ, ಊತ ಕಣ್ಣು ಮುಚ್ಚುವಷ್ಟು ಏರಿದರೆ, ಜ್ವರದ ಜೊತೆ ಬಾಯಿ ತೆರೆಯದಂತಾದರೆ ಹಲ್ಲಿನ ಕ್ಲಿನಿಕ್ ತೆರೆಯಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಹಲ್ಲೆಲ್ಲ ಚೆನ್ನಾಗಿದ್ದು, ನಡೆದಾಗ ಇಲ್ಲವೆ ಮೆಟ್ಟಿಲೇರಿದಾಗ ಕೆಳದವಡೆ ಹಿಂಡಿದಂತಾಗಿ ಬೆವರು ಬಂದರೂ ಅಲ್ಲಿಗೇ ಹೋಗಿ. ಹೃದಯದ ನೋವು ದವಡೆಯಲ್ಲಿ ಕಾಣಿಸಿಕೊಳ್ಳುವುದುಂಟು.

ಉಳಿದ ನೋವುಗಳಿಗೆ ಕರ್ನಾಟಕದಲ್ಲಿ ದಾರಿಯಿಲ್ಲದೆ ಇಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತ ವಿಭಾಗವಿದೆ. ರಾಜ್ಯದಲ್ಲಿ ದಂತ ಕಾಲೇಜುಗಳು ನಲವತ್ತಕ್ಕೂ ಹೆಚ್ಚಿವೆ, ಅವುಗಳ ಹೊರರೋಗಿ ವಿಭಾಗದಲ್ಲಿ ಖಾಸಗಿ ಕ್ಲಿನಿಕ್ಕಿಗಿಂತ ಬಹಳ ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ಸಿಗುತ್ತದೆ. ದುಡ್ಡಿಗೆ ಹೆದರಿ ನೋವು ನುಂಗಿಕೊಂಡಿರುವವರಿಗೆ ಇಷ್ಟನ್ನಾದರೂ ಯಾರಾದರೂ ಹೇಳಬೇಕು.

ದಿನಗಳ ಲೆಕ್ಕವಲ್ಲ, ನಿಮಿಷಗಳ ಲೆಕ್ಕದ ಪ್ರಸಂಗ ಒಂದಿದೆ. ಬಿದ್ದೋ ಪೆಟ್ಟಾಗಿಯೋ ಶಾಶ್ವತ ಹಲ್ಲು ಬೇರುಸಮೇತ ಕಳಚಿ ಬಂದಾಗ ಅದನ್ನು ಅದರ ಗುಳಿಯಲ್ಲೇ ಮತ್ತೆ ಕೂರಿಸಬಹುದು. ಬೇರಿಗೆ ಅಂಟಿಕೊಂಡ ತೆಳುವಾದ ಪೊರೆಯ ಜೀವಕೋಶಗಳು ಬದುಕಿರಬೇಕು ಅಷ್ಟೆ. ಒಣಗಲು ಬಿಟ್ಟರೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಅವು ಸಾಯುತ್ತವೆ. ಹಲ್ಲನ್ನು ಬೇರು ಮುಟ್ಟದೆ ಬಿಳಿಭಾಗದಲ್ಲಿ ಹಿಡಿದೆತ್ತಿ, ಮಣ್ಣಾಗಿದ್ದರೆ ಹಾಲಲ್ಲೋ ನೀರಲ್ಲೋ ಒಂದು ಸಲ ಅದ್ದಿ ತೆಗೆದು, ಅಲ್ಲೇ ಗುಳಿಯಲ್ಲಿ ಕೂರಿಸಿ ಕರವಸ್ತ್ರ ಕಚ್ಚಿಸುವುದು ಎಲ್ಲಕ್ಕಿಂತ ಒಳ್ಳೆಯದು. ಧೈರ್ಯ ಸಾಲದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿ ಓಡಿ. ಬರೀ ನೀರಿನಲ್ಲಿಟ್ಟರೆ ಜೀವಕೋಶಗಳು ಉಬ್ಬಿ ಒಡೆಯುತ್ತವೆ. ಹಾಲುಹಲ್ಲನ್ನು ಮಾತ್ರ ಮರಳಿ ಕೂರಿಸುವಂತಿಲ್ಲ, ಅಡಿಯಲ್ಲಿ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾಗುತ್ತದೆ.

ನನ್ನ ಅಕ್ಕನ ಮಗ ಹತ್ತು ವರ್ಷದವನಿದ್ದಾಗ ಕಬಡ್ಡಿ ಆಡುತ್ತ ಮೇಲಿನ ಮುಂಬಲ್ಲು ಕಳೆದುಕೊಂಡ. ಜೊತೆಯಲ್ಲಿದ್ದವರು ಒಳ್ಳೆಯ ಮನಸ್ಸಿನಿಂದಲೇ ಹಲ್ಲನ್ನು ನಲ್ಲಿಯಡಿ ಹಿಡಿದು, ಬೇರನ್ನು ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ, ಕಾಗದದಲ್ಲಿ ಸುತ್ತಿ ಕೊಟ್ಟರು. ದಂತವೈದ್ಯರ ಮುಂದೆ ಆ ಕಾಗದ ಬಿಚ್ಚುವಾಗ ಎರಡು ಗಂಟೆ ಕಳೆದಿತ್ತು. ಮೈದಾನದ ಎದುರಿಗೇ ಹಾಲಿನ ಬೂತಿತ್ತು. ಡಾಕ್ಟರು ಹಲ್ಲು ಕೂರಿಸಿ ಪಕ್ಕದ ಹಲ್ಲುಗಳಿಗೆ ತಂತಿಯಿಂದ ಕಟ್ಟಿದರು, ಬೇರು ಮೂಳೆಗೆ ಬೆಸೆದುಕೊಂಡುಬಿಡಬಹುದು ಎಂದು ಅಂದೇ ಹೇಳಿದರು. ಈಗ ಅವನಿಗೆ ಹದಿಮೂರು. ದವಡೆ ಬೆಳೆದಂತೆ ಅಕ್ಕಪಕ್ಕದ ಹಲ್ಲುಗಳು ಕೆಳಗಿಳಿದಿವೆ, ಅದೊಂದು ಮಾತ್ರ ಅಂದು ಕೂರಿಸಿದ ಜಾಗದಲ್ಲೇ ನಿಂತಿದೆ. ಫೋಟೋ ತೆಗೆಯುವಾಗ ಅವನು ತುಟಿ ಬಿಡಿಸುವುದಿಲ್ಲ.