ನಿಟ್ಟೂರಿನ ಬಂಡೆಯೂ ಅಶೋಕನ ಹೆಸರೂ

ನಮ್ಮ ಸಿರಿಗೇರಿಯ ಸೀಮೆಯವರು ಹಂಪೆಯ ವೈಭವವನ್ನು ಹೆಮ್ಮೆಯಿಂದ ವರ್ಣಿಸುವುದುಂಟು. ಆದರೆ ಊರಿಗೆ ಸಮೀಪದಲ್ಲಿಯೇ, ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳಗಳ ಬಂಡೆಗಳ ಮೇಲೆ, ವಿಜಯನಗರಕ್ಕಿಂತ ಸುಮಾರು 1,600 ವರ್ಷ ಹಿಂದಿನ ಬರಹವಿರುವುದನ್ನು ಬಲ್ಲವರು ವಿರಳ. ಇವು ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕ ಚಕ್ರವರ್ತಿಯ ಶಾಸನಗಳು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ನಮ್ಮ ಕನ್ನಡದ ಅಕ್ಷರಗಳೂ ಆ ಬ್ರಾಹ್ಮಿಯ ಸಂತತಿಯೇ.

ಅಶೋಕನು ತನ್ನ ಶಾಸನಗಳಲ್ಲಿ ಹೆಸರನ್ನು ಹೇಳಿಕೊಂಡದ್ದು ಅತಿ ವಿರಳ. ಎಲ್ಲೆಲ್ಲಿಯೂ ‘ದೇವಾನಾಂಪ್ರಿಯ’ನೆಂಬ ಬಿರುದೇ ಕಾಣುತ್ತದೆ. ಈ ಬಿರುದಿನ ಗತಿಯನ್ನು ವಾಚಕರು ಕೇಳಬೇಕು: ಮುಂದೆ ಸಂಸ್ಕೃತ ವೈಯಾಕರಣರು ಇದಕ್ಕೆ ಮೂರ್ಖನೆಂಬ ಅರ್ಥವನ್ನು ಕೊಟ್ಟರು, ಭಟ್ಟೋಜಿ ದೀಕ್ಷಿತರ ಸಿದ್ಧಾಂತಕೌಮುದಿಯನ್ನು ಓದಿದವರಿಗೆಲ್ಲ ಇದು ಗೊತ್ತು. ಚಕ್ರವರ್ತಿಯ ಬಿರುದು ಪಂಡಿತರ ಬೈಗುಳವಾಯಿತು! 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗಲೂ ಈ ಅರಸನಾರೆಂಬುದನ್ನು ಸಿಂಹಳದ ಪಾಲಿ ಗ್ರಂಥಗಳ ನೆರವಿನಿಂದ ಊಹಿಸಬೇಕಾಯಿತು. ಆ ಊಹೆಗೆ ಕಲ್ಲಿನ ಸಾಕ್ಷ್ಯ ದೊರೆತದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಚಿನ್ನವನ್ನು ಅರಸಿ ಬಂದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಆ ಶಾಸನ ಬಿದ್ದಿತು. ಬಳಿಕ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, 1970ರ ದಶಕದಲ್ಲಿ ನಮ್ಮ ನಿಟ್ಟೂರು ಉಡೇಗೋಳಗಳಲ್ಲಿಯೂ ಅಶೋಕನ ಹೆಸರು ಕಂಡುಬಂದಿತು. ಈ ನಾಲ್ಕರಲ್ಲಿ ಮೂರು ಕನ್ನಡನಾಡಿನವು, ಎರಡು ಈ ಒಂದೇ ತಾಲ್ಲೂಕಿನವು.

ಶಾಸನದ ಮಾತುಗಳಾದರೋ ಗೃಹಸ್ಥರಿಗೆ ನೇರವಾಗಿ ಸಲ್ಲುವಂಥವು. ತಾಯಿತಂದೆಗಳ ಮಾತನ್ನು ನಡಸಬೇಕು, ಗುರುಗಳನ್ನು ಗೌರವಿಸಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸ್ವಪ್ರಯತ್ನದಿಂದ ಸ್ವರ್ಗವು ಲಭಿಸುವುದು. ಆಂಧ್ರದ ಎರ್ರಗುಡಿಯ ಪಾಠದಲ್ಲಿ ಇದನ್ನು ಭೇರಿ ಹೊಡೆಯಿಸಿ ಜನಪದಕ್ಕೆ ಸಾರಬೇಕೆಂದು ಅಧಿಕಾರಿಗಳಿಗೆ ಅಪ್ಪಣೆಯಿದೆ. ನಮ್ಮ ಹಳ್ಳಿಗಳ ಡಂಗುರವೂ ಇದೇ ಬಗೆಯದಲ್ಲವೇ?

ಬಳ್ಳಾರಿ ಜಿಲ್ಲೆಯಲ್ಲಿ ಕಲ್ಲುಗಣಿಗಳಿಗೆ ಬರವಿಲ್ಲ. ಗುಡ್ಡವನ್ನು ಸೀಳುವ ಉಳಿಗೂ ಸಿಡಿಮದ್ದಿಗೂ ಅಕ್ಷರವಿರುವ ಬಂಡೆ ಯಾವುದು, ಇಲ್ಲದ್ದು ಯಾವುದು ಎಂಬ ವಿವೇಕವಿಲ್ಲ. ಇಂತಹ ಬಂಡೆ ತಮ್ಮೂರಿನಲ್ಲಿದೆಯೆಂದು ಅರಿತ ಊರವರೇ ಅದಕ್ಕೆ ಮೊದಲ ಕಾವಲುಗಾರರು.

ನಿಟ್ಟೂರಿಗೆ ಹೋಗುವವರು ಮಕ್ಕಳನ್ನೂ ಜತೆಗೆ ಕರೆದೊಯ್ಯಲಿ. ನಡುಹಗಲಿನಲ್ಲಿ ಹೋದರೆ ಪ್ರಯೋಜನವಿಲ್ಲ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಕೊರೆದ ಗೆರೆಗಳಿಗೆ ನೆರಳು ತುಂಬಿ ಅಕ್ಷರಗಳು ಸ್ಫುಟವಾಗಿ ಕಾಣುವುವು.