ಡ್ಯೂಟೀರಿಯಂ ಗುರುತಿನ ಔಷಧಗಳು: ತಪ್ಪು ಕಲ್ಪನೆ ಮತ್ತು ಸತ್ಯ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಜನರಿಗೆ ಶಿಲೀಂಧ್ರದ ಕಾಟ ಹೊಸದಲ್ಲ. ನಾಲೆ ಬಯಲಿನ ಭತ್ತದ ಗದ್ದೆಯಲ್ಲಿ ಅದಕ್ಕೆ ಬೆಂಕಿ ರೋಗವೆಂದು ಹೆಸರು, ಕೆಸರು ಬೆವರಿನಲ್ಲಿ ದುಡಿಯುವವರ ಮೈಮೇಲೆ ಹುಳುಕಡ್ಡಿಯೆಂದು ಹೆಸರು. 2021ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಕಪ್ಪು ಶಿಲೀಂಧ್ರ ರೋಗವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿದ ಮೇಲೆ ಆಂಫೊಟೆರಿಸಿನ್, ಪೊಸಕೊನಜೋಲ್‌ಗಳಂಥ ಔಷಧಗಳ ಹೆಸರೂ ಮನೆಮಾತಾದವು. ಆದರೆ ಇಂಥ ಔಷಧವು ರೋಗಿಯ ರಕ್ತದಲ್ಲಿ ಎಷ್ಟಿದೆ ಎಂದು ಅಳೆಯುವ ವಿದ್ಯೆ, ಆ ಅಳತೆ ಹಾದಿ ತಪ್ಪದಂತೆ ಬಳಸುವ ಡ್ಯೂಟೀರಿಯಂ ಗುರುತಿನ ಜೋಡಿ ಔಷಧ, ಇವುಗಳ ಬಗ್ಗೆ ಸಾಮಾನ್ಯರಲ್ಲಿ ಮಾತ್ರವಲ್ಲ, ಪ್ರಯೋಗಾಲಯದ ಹೊಸ ವಿದ್ಯಾರ್ಥಿಗಳಲ್ಲಿಯೂ ಹಲವು ತಪ್ಪು ಕಲ್ಪನೆಗಳು ಬೇರೂರಿವೆ.

ರಕ್ತದಲ್ಲಿನ ಔಷಧವನ್ನು ಅಳೆಯುವ ಅಗತ್ಯವೇನೆಂಬ ಪ್ರಶ್ನೆ ಸಹಜವಾದದ್ದು. ವೊರಿಕೊನಜೋಲ್ ಎಂಬ ಶಿಲೀಂಧ್ರನಿರೋಧಕವನ್ನು ಯಕೃತ್ತಿನ ಸಿವೈಪಿ2ಸಿ19 ಎಂಬ ಕಿಣ್ವವು ಕರಗಿಸುತ್ತದೆ; ಈ ಕಿಣ್ವದ ವೇಗ ವಂಶವಾಹಿಯ ಪ್ರಕಾರ ಒಬ್ಬರಿಂದ ಒಬ್ಬರಿಗೆ ಬಹಳ ಬದಲಾಗುವುದರಿಂದ, ಒಂದೇ 200 ಮಿಲಿಗ್ರಾಂ ಮಾತ್ರೆಯನ್ನು ನುಂಗಿದ ಇಬ್ಬರಲ್ಲಿ ಒಬ್ಬರಿಗೆ ಔಷಧ ಸಾಲದೆ ಹೋಗಬಹುದು, ಇನ್ನೊಬ್ಬರಲ್ಲಿ ಅದು ವಿಷದ ಮಟ್ಟಕ್ಕೆ ಏರಬಹುದು. ಮುಂದಿನ ಮಾತ್ರೆಗೆ ಮುಂಚಿನ ಅತಿ ಕಡಿಮೆ ಮಟ್ಟವು ಪ್ರತಿ ಲೀಟರಿಗೆ ಸುಮಾರು 1ರಿಂದ 5.5 ಮಿಲಿಗ್ರಾಂ ನಡುವೆ ಇರಬೇಕೆಂಬುದು ಹೆಚ್ಚಿನ ವೈದ್ಯರು ಪಾಲಿಸುವ ಗುರಿ. ಈ ಕಿರಿದಾದ ಪಟ್ಟಿಯೊಳಗೆ ರೋಗಿ ಇದ್ದಾನೋ ಇಲ್ಲವೋ ಎಂದು ಹೇಳಬೇಕಾದರೆ ಅಳತೆಯಲ್ಲಿ ನೂರಕ್ಕೆ ಮೂವತ್ತರಷ್ಟು ಏರುಪೇರಾದರೂ ಆ ಅಳತೆ ಪ್ರಯೋಜನಕ್ಕೆ ಬಾರದು.

ತಪ್ಪು ಕಲ್ಪನೆ: ಡ್ಯೂಟೀರಿಯಂ ಎಂದರೆ ವಿಕಿರಣ.

ಈ ಭಯದ ಮೂಲ ಊಹಿಸಲು ಕಷ್ಟವಿಲ್ಲ, ಏಕೆಂದರೆ ಡ್ಯೂಟೀರಿಯಂನಿಂದಾದ ಭಾರಜಲದ ಹೆಸರನ್ನು ಕನ್ನಡಿಗರು ಮೊದಲು ಕೇಳಿದ್ದು ಬಹುಮಟ್ಟಿಗೆ ಕೈಗಾ ಅಣು ವಿದ್ಯುತ್ ಸ್ಥಾವರದ ಸುದ್ದಿಗಳಲ್ಲಿ. ಸಾಮಾನ್ಯ ಜಲಜನಕದ ಪರಮಾಣು ಬೀಜದಲ್ಲಿ ಒಂದು ಪ್ರೋಟಾನ್ ಮಾತ್ರ ಇದ್ದರೆ ಡ್ಯೂಟೀರಿಯಂನಲ್ಲಿ ಅದರ ಜೊತೆಗೆ ಒಂದು ನ್ಯೂಟ್ರಾನ್ ಇರುತ್ತದೆ. ಹೀಗೆ ಒಂದೇ ಧಾತುವಿನ, ತೂಕದಲ್ಲಿ ಮಾತ್ರ ಬೇರೆಯಾದ ರೂಪಗಳನ್ನು ಸಮಸ್ಥಾನಿಗಳು ಎನ್ನುತ್ತಾರೆ. ಎರಡು ನ್ಯೂಟ್ರಾನ್‌ಗಳಿರುವ ಟ್ರಿಟಿಯಂ ವಿಕಿರಣಶೀಲವಾದುದು; ಡ್ಯೂಟೀರಿಯಂ ಹಾಗಲ್ಲ, ಅದು ಸಂಪೂರ್ಣ ಸ್ಥಿರ. ರಸಾಯನವಿಜ್ಞಾನಿ ಹೆರಾಲ್ಡ್ ಯೂರಿ ಇದನ್ನು 1931ರಲ್ಲಿ ಗುರುತಿಸಿ 1934ರಲ್ಲಿ ನೊಬೆಲ್ ಪಡೆದ. ಅದಕ್ಕೂ ಮೊದಲೇ ಅದು ಎಲ್ಲ ನೀರಿನಲ್ಲಿಯೂ ಇತ್ತು, ಈಗಲೂ ಇದೆ: ಸುಮಾರು 6,400 ಜಲಜನಕ ಪರಮಾಣುಗಳಿಗೆ ಒಂದರಂತೆ. 49.45 ಟಿಎಂಸಿ ಸಾಮರ್ಥ್ಯದ ಕೃಷ್ಣರಾಜಸಾಗರ ತುಂಬಿ ನಿಂತಾಗ, ಒಂದು ಘನ ಮೀಟರ್ ನೀರಿಗೆ 33 ಗ್ರಾಂ ಎಂದು ಹಿಡಿದರೂ, ಅದರೊಳಗಿನ ಡ್ಯೂಟೀರಿಯಂ ನಲವತ್ತೈದು ಸಾವಿರ ಟನ್ನಿನ ಆಸುಪಾಸಿನಲ್ಲಿರುತ್ತದೆ. ಆ ನೀರು ಕುಡಿದು ಅದೇ ನೀರಿನಲ್ಲಿ ಬೆಳೆದ ಅನ್ನ ಉಣ್ಣುವ 70 ಕಿಲೋ ತೂಕದ ವ್ಯಕ್ತಿಯ ದೇಹದಲ್ಲಿ ಸುಮಾರು 2 ಗ್ರಾಂ ಇರುತ್ತದೆ. ಪ್ರಯೋಗಾಲಯದ ನಳಿಕೆಗೆ ಬೀಳುವ ಪ್ರಮಾಣ ಇದರ ಮುಂದೆ ಲೆಕ್ಕಕ್ಕೇ ಬಾರದು.

ತಪ್ಪು ಕಲ್ಪನೆ: ಗುರುತು ಹಚ್ಚಿದ ಔಷಧವನ್ನು ರೋಗಿಗೆ ಕೊಡುತ್ತಾರೆ.

ಕೊಡುವುದಿಲ್ಲ. ರಕ್ತ ತೆಗೆದು, ಪ್ಲಾಸ್ಮಾ ಬೇರ್ಪಡಿಸಿದ ಮೇಲೆಯೇ ಅದು ಆಂತರಿಕ ಮಾನಕವಾಗಿ, ಅಂದರೆ ಹೋಲಿಕೆಗೆಂದು ತಿಳಿದ ಪ್ರಮಾಣದಲ್ಲಿ ಬೆರೆಸುವ ಅಣುವಾಗಿ, ರಂಗಕ್ಕೆ ಬರುವುದು. ಡ್ಯೂಟೀರಿಯಂ ಸೇರಿದ ಕೆಲವು ಅಣುಗಳು ಚಿಕಿತ್ಸೆಯ ಔಷಧಗಳಾಗಿಯೇ ಮಾರುಕಟ್ಟೆಗೆ ಬಂದಿರುವುದು ನಿಜ. ನರರೋಗಕ್ಕೆ ಬಳಸುವ ಡ್ಯೂಟೆಟ್ರಾಬೆನಜೈನ್‌ಗೆ ಅಮೆರಿಕದಲ್ಲಿ 2017ರಲ್ಲಿ ಅನುಮತಿ ದೊರೆಯಿತು. ಅದು ಬೇರೆ ವಿಚಾರ.

ತಪ್ಪು ಕಲ್ಪನೆ: ಕೋಟಿ ಬೆಲೆಯ ಯಂತ್ರವಿರುವಾಗ ಮಾನಕದ ಹಂಗೇಕೆ?

ಇಲ್ಲಿ ಬಳಸುವ ಯಂತ್ರವನ್ನು ರಾಶಿ ರೋಹಿತ ಮಾಪಕ, ಅಂದರೆ ಮಾಸ್ ಸ್ಪೆಕ್ಟ್ರೊಮೀಟರ್ ಎನ್ನುತ್ತಾರೆ. ಅದು ಅಣುಗಳಿಗೆ ವಿದ್ಯುದಂಶ ಕೊಟ್ಟು ಅಯಾನುಗಳನ್ನಾಗಿಸಿ, ಅವುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುತ್ತದೆ. ಎಣಿಕೆ ಶುದ್ಧವಾದರೂ ಎಣಿಸುವ ಜಾಗಕ್ಕೆ ಅಣುಗಳೆಲ್ಲ ತಲುಪಿದವೇ ಎಂಬುದು ಯಂತ್ರಕ್ಕೆ ತಿಳಿಯದು. ಸಾಮಾನ್ಯ ವಿಧಾನವೊಂದರಲ್ಲಿ 100 ಮೈಕ್ರೊಲೀಟರ್ ಪ್ಲಾಸ್ಮಾಕ್ಕೆ ಅದರ ಮೂರುಪಟ್ಟು ಅಸಿಟೊನೈಟ್ರೈಲ್ ಸುರಿದಾಗ ಪ್ರೋಟೀನುಗಳು ಒಡೆದ ಹಾಲಿನಂತೆ ಬಿಳಿಯಾಗಿ ಗಟ್ಟಿಗಟ್ಟುತ್ತವೆ; ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಮೇಲಿನ ತಿಳಿಯನ್ನು ಮಾತ್ರ ತೆಗೆದುಕೊಳ್ಳುವಾಗ ಒಂದಷ್ಟು ಔಷಧ ಆ ಗಟ್ಟಿಯಲ್ಲೇ ಸಿಕ್ಕಿಕೊಳ್ಳುತ್ತದೆ, ಒಂದಷ್ಟು ನಳಿಕೆಯ ಗೋಡೆಗೆ ಅಂಟುತ್ತದೆ. ಉಳಿದದ್ದು, ಅಣುಗಳನ್ನು ಬೇರೆ ಬೇರೆ ಹೊತ್ತಿಗೆ ಹೊರಬಿಡುವ ಕ್ರೊಮ್ಯಾಟೊಗ್ರಫಿಯ ಕೊಳವೆಯನ್ನು ಹಾದು ಯಂತ್ರ ಸೇರಿದಾಗ, ಅದೇ ಕ್ಷಣದಲ್ಲಿ ಹೊರಬರುವ ರಕ್ತದ ಫಾಸ್ಫೊಲಿಪಿಡ್ ಎಂಬ ಕೊಬ್ಬುಗಳು ವಿದ್ಯುದಂಶಕ್ಕಾಗಿ ಪೈಪೋಟಿ ನಡೆಸಿ ಔಷಧದ ಅಯಾನುಗಳನ್ನು ಹತ್ತಿಕ್ಕುತ್ತವೆ. ಈ ಹತ್ತಿಕ್ಕುವಿಕೆ ಒಬ್ಬ ರೋಗಿಯ ರಕ್ತದಲ್ಲಿ ಇದ್ದಷ್ಟೇ ಇನ್ನೊಬ್ಬನದರಲ್ಲಿ ಇರುವುದಿಲ್ಲ.

ಕಣದಲ್ಲಿ ರಾಶಿ ತೂರುವ ಮೊದಲು ಬಣ್ಣ ಹಚ್ಚಿದ ನೂರು ಕಾಳುಗಳನ್ನು ಬೆರೆಸಿಟ್ಟು, ತೂರಿ ಮುಗಿದ ಮೇಲೆ ಅವುಗಳಲ್ಲಿ ಎಂಬತ್ತು ಮಾತ್ರ ಸಿಕ್ಕರೆ, ಭತ್ತದಲ್ಲಿಯೂ ಐದರಲ್ಲೊಂದು ಪಾಲು ಹೊಟ್ಟಿನ ಜೊತೆ ಹಾರಿಹೋಗಿದೆ ಎಂದು ತಿಳಿಯಬಹುದು. ಆಂತರಿಕ ಮಾನಕದ ಕೆಲಸವೂ ಇದೇ. ವೊರಿಕೊನಜೋಲ್‌ನ ಮೀಥೈಲ್ ಗುಂಪಿನ ಮೂರು ಜಲಜನಕಗಳ ಜಾಗದಲ್ಲಿ ಮೂರು ಡ್ಯೂಟೀರಿಯಂ ಕೂರಿಸಿದ ವೊರಿಕೊನಜೋಲ್-ಡಿ3 ಅಣುವು ಕರಗುವಲ್ಲಿ, ಅಂಟುವಲ್ಲಿ, ಹತ್ತಿಕ್ಕಲ್ಪಡುವಲ್ಲಿ ಮೂಲ ಔಷಧದಂತೆಯೇ ನಡೆದುಕೊಳ್ಳುತ್ತದೆ, ಆದರೆ ಯಂತ್ರದ ಕಣ್ಣಿಗೆ ಬೇರೆಯಾಗಿ ಕಾಣುತ್ತದೆ: ಮೂಲ ಔಷಧ 350ರ ತೂಕದಲ್ಲಿ ಕಾಣಿಸಿಕೊಂಡು ಒಡೆದಾಗ 281ರ ತುಣುಕು ಕೊಟ್ಟರೆ, ಜೋಡಿ ಅಣು 353ರಲ್ಲಿ ಕಾಣಿಸಿಕೊಂಡು 284ರ ತುಣುಕು ಕೊಡುತ್ತದೆ. ಒಂದು ಮಾದರಿಯಲ್ಲಿ ಔಷಧದ ಸಂಕೇತ 60,000, ಮಾನಕದ ಸಂಕೇತ 1,00,000 ಬಂದಿತೆಂದು ಇಟ್ಟುಕೊಳ್ಳೋಣ. ಅಷ್ಟೇ ಔಷಧವಿರುವ ಇನ್ನೊಂದು ಮಾದರಿಯಲ್ಲಿ ಕೊಬ್ಬಿನ ಕಾಟದಿಂದ ಅವು 30,000 ಮತ್ತು 50,000ಕ್ಕೆ ಕುಸಿದರೂ ಎರಡೂ ಕಡೆ ಅನುಪಾತ 0.6 ಆಗಿಯೇ ಉಳಿಯುತ್ತದೆ. ವರದಿಯಲ್ಲಿ ಬರುವ ಅಂಕಿ ಹುಟ್ಟುವುದು ಈ ಅನುಪಾತದಿಂದ, ಔಷಧದ ಸಂಕೇತದಿಂದ ನೇರವಾಗಿ ಅಲ್ಲ. ಆದರೆ ಅನುಪಾತವನ್ನು ಮಿಲಿಗ್ರಾಂಗೆ ತರಲು ತಿಳಿದ ಪ್ರಮಾಣದ ಮಾದರಿಗಳಿಂದ ಮಾಪನ ರೇಖೆ ಎಳೆಯಲೇಬೇಕು. ಮಾನಕ ಹಾಕಿದರೆ ಆ ರೇಖೆ ಬೇಡವೆಂಬುದು ಇನ್ನೊಂದು ಭ್ರಮೆ.

ಜೋಡಿ ಅಣುವನ್ನು ತೂಕದಿಂದ ಮಾತ್ರ ಬೇರೆಯೆಂದು ಗುರುತಿಸಬಹುದಾದ್ದರಿಂದ ಗುರುತಿನ ಔಷಧ ಎಲ್ಲ ಯಂತ್ರಕ್ಕೂ ಒಗ್ಗುವುದಿಲ್ಲ. ಫಾರ್ಮಸಿ ಕಾಲೇಜುಗಳ ವಿದ್ಯಾರ್ಥಿಗಳು ಹೆಚ್ಚಾಗಿ ಕೈ ಪಳಗಿಸಿಕೊಳ್ಳುವುದು ಅತಿನೇರಳೆ ಬೆಳಕಿನ ಪತ್ತೆ ಸಾಧನವಿರುವ, ಕ್ರೊಮ್ಯಾಟೊಗ್ರಫಿ ನಡೆಸುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ. ಅದು ತೂಕವನ್ನು ನೋಡುವುದಿಲ್ಲ, ಬೆಳಕು ಹೀರುವುದನ್ನು ಮಾತ್ರ ನೋಡುತ್ತದೆ. ಅಲ್ಲಿ ಔಷಧವೂ ಅದರ ಡ್ಯೂಟೀರಿಯಂ ಜೋಡಿಯೂ ಒಂದರ ಮೇಲೊಂದು ಬಿದ್ದು ಒಂದೇ ಶಿಖರವಾಗಿ ಕಾಣುವುದರಿಂದ ಮಾನಕವೇ ತಪ್ಪಿಗೆ ಕಾರಣವಾಗುತ್ತದೆ, ಆದ್ದರಿಂದ ಆ ಯಂತ್ರದಲ್ಲಿ ಬೇರೆ ಹೊತ್ತಿಗೆ ಹೊರಬರುವ ಬೇರೊಂದು ಅಣುವನ್ನೇ ಆರಿಸಬೇಕು.

ತಪ್ಪು ಕಲ್ಪನೆ: ಅದೇ ಕುಟುಂಬದ ಯಾವ ಔಷಧವಾದರೂ ಮಾನಕವಾದೀತು.

ಹಿಂದಿನ ಅನೇಕ ವಿಧಾನಗಳಲ್ಲಿ ವೊರಿಕೊನಜೋಲ್ ಸೇರಿರುವ ಅಜೋಲ್ ಕುಟುಂಬದ ಒಂದು ಔಷಧವನ್ನು ಅಳೆಯಲು ಇನ್ನೊಂದು ಅಜೋಲ್ ಅನ್ನು ಮಾನಕವಾಗಿ ಬಳಸಿದ್ದುಂಟು, ಅದರಿಂದ ಕೆಲಸ ನಡೆದದ್ದೂ ಉಂಟು. ತೊಡಕು ಎರಡು. ಬೇರೆ ಅಣು ಬೇರೆ ಹೊತ್ತಿಗೆ ಹೊರಬರುವುದರಿಂದ ಅದು ಅನುಭವಿಸುವ ಹತ್ತಿಕ್ಕುವಿಕೆಯೂ ಬೇರೆ. ಎರಡನೆಯದು ನಮ್ಮ ಊರುಗಳಿಗೆ ಹೆಚ್ಚು ಹತ್ತಿರದ್ದು: ಹುಳುಕಡ್ಡಿಗೆ ಚೀಟಿಯಿಲ್ಲದೆ ಔಷಧದಂಗಡಿಯಲ್ಲಿ ಫ್ಲುಕೊನಜೋಲ್ ಮಾತ್ರೆ ಕೇಳಿ ನುಂಗುವ ಅಭ್ಯಾಸ ಹಳ್ಳಿ-ಪೇಟೆಗಳಲ್ಲಿ ಇರುವಾಗ, ಆ ಫ್ಲುಕೊನಜೋಲನ್ನೇ ಮಾನಕವಾಗಿ ಹಾಕಿದರೆ, ರೋಗಿಯ ರಕ್ತದಲ್ಲಿ ಮೊದಲೇ ಇದ್ದ ಔಷಧ ಮಾನಕದ ಲೆಕ್ಕಕ್ಕೆ ಸೇರಿ ಅನುಪಾತ ಕುಗ್ಗುತ್ತದೆ, ವೊರಿಕೊನಜೋಲ್ ಮಟ್ಟ ಇರುವುದಕ್ಕಿಂತ ಕಡಿಮೆಯೆಂದು ವರದಿಯಾಗುತ್ತದೆ, ವೈದ್ಯರು ಪ್ರಮಾಣವನ್ನು ಏರಿಸುವ ಅಪಾಯ ಹುಟ್ಟುತ್ತದೆ. ಗುರುತಿನ ಅಣುವನ್ನು ಯಾವ ಅಂಗಡಿಯಲ್ಲಿಯೂ ಮಾತ್ರೆಯಾಗಿ ಮಾರುವುದಿಲ್ಲ. ಅದರ ದೊಡ್ಡ ಗುಣವೇ ಅದು. ಹಾಗೆಂದು ಎಲ್ಲ ಔಷಧಕ್ಕೂ ಜೋಡಿ ಸಿಗುವುದೆಂದಲ್ಲ: ಸೂಕ್ಷ್ಮಾಣುಗಳಿಂದ ಹುದುಗಿಸಿ ತೆಗೆಯುವ ದೊಡ್ಡ ಅಣುವಾದ ಆಂಫೊಟೆರಿಸಿನ್ ಬಿ ಅಳೆಯುವಾಗ ಅದರ ಬಂಧುವಾದ ನಟಾಮೈಸಿನ್‌ನಿಂದಲೇ ಅನೇಕರು ಕೆಲಸ ಸಾಗಿಸುತ್ತಾರೆ.

ತಪ್ಪು ಕಲ್ಪನೆ: ಡ್ಯೂಟೀರಿಯಂ ಜೋಡಿ ಎಂದರೆ ನಿಷ್ಕಳಂಕ ಪ್ರತಿರೂಪ.

ಈ ನಂಬಿಕೆ ಹೆಚ್ಚಾಗಿ ಓದಿದವರದು, ಆದ್ದರಿಂದಲೇ ಹೆಚ್ಚು ಅಪಾಯದ್ದು. ಜಲಜನಕ ಆಮ್ಲಜನಕಕ್ಕೋ ಸಾರಜನಕಕ್ಕೋ ಅಂಟಿಕೊಂಡಿರುವ ಜಾಗದಲ್ಲಿ ಡ್ಯೂಟೀರಿಯಂ ಕೂರಿಸಿದರೆ, ಅದು ನೀರಿನ ಜಲಜನಕದೊಡನೆ ಕ್ಷಣಮಾತ್ರದಲ್ಲಿ ಅದಲುಬದಲಾಗಿ ಗುರುತೇ ಅಳಿಸಿಹೋಗುತ್ತದೆ. ಆದಕಾರಣ ಫ್ಲುಕೊನಜೋಲ್-ಡಿ4ರಲ್ಲಿ ಹೈಡ್ರಾಕ್ಸಿಲ್ ಗುಂಪನ್ನು ಬಿಟ್ಟು ಇಂಗಾಲಕ್ಕೆ ಬಿಗಿಯಾಗಿ ಅಂಟಿದ ಜಾಗಗಳಲ್ಲಿ ಗುರುತು ಹಾಕಿರುತ್ತಾರೆ. ಡ್ಯೂಟೀರಿಯಂ ಹೆಚ್ಚಿದಂತೆ ಅಣುವು ಕ್ರೊಮ್ಯಾಟೊಗ್ರಫಿಯ ಕೊಳವೆಯಿಂದ ಮೂಲ ಔಷಧಕ್ಕಿಂತ ತುಸು ಮುಂಚೆ ಹೊರಬರುವುದೂ ಉಂಟು, ಆ ಕೆಲವೇ ಸೆಕೆಂಡುಗಳ ಅಂತರದಲ್ಲಿ ಕೊಬ್ಬಿನ ಕಾಟ ಏರಿಳಿದರೆ ಜೋಡಿ ಅಣು ಹೇಳುವ ಸಾಕ್ಷಿ ಅಷ್ಟರಮಟ್ಟಿಗೆ ಸುಳ್ಳಾಗುತ್ತದೆ.

ಕ್ಲೋರಿನ್ ಇರುವ ಔಷಧಗಳಲ್ಲಿ ಇನ್ನೂ ಸ್ವಾರಸ್ಯದ ತೊಡಕಿದೆ. ನಿಸರ್ಗದ ಕ್ಲೋರಿನ್‌ನಲ್ಲಿ ಸುಮಾರು ಮುಕ್ಕಾಲು ಪಾಲು 35 ತೂಕದ್ದು, ಕಾಲು ಪಾಲು 37 ತೂಕದ್ದು. ಕೀಟೊಕೊನಜೋಲ್‌ನಲ್ಲಿಯೂ ಇಟ್ರಕೊನಜೋಲ್‌ನಲ್ಲಿಯೂ ಎರಡೆರಡು ಕ್ಲೋರಿನ್ ಇರುವುದರಿಂದ ಮೂಲ ಔಷಧವೇ ತನ್ನ ತೂಕಕ್ಕಿಂತ ಎರಡು, ನಾಲ್ಕು ಅಂಶ ಮೇಲೆಯೂ ನೆರಳಿನಂತೆ ಕಾಣಿಸಿಕೊಳ್ಳುತ್ತದೆ. ನಾಲ್ಕು ಡ್ಯೂಟೀರಿಯಂನ ಮಾನಕ ಅಲ್ಲಿ ಇದ್ದರೆ ಆ ನೆರಳು ಅದರ ಮೇಲೆ ಬೀಳುತ್ತದೆ. ಎಂಟು ಡ್ಯೂಟೀರಿಯಂ ಇರುವ ಕೀಟೊಕೊನಜೋಲ್-ಡಿ8 ಈ ನೆರಳಿನಿಂದ ದೂರ ನಿಲ್ಲುತ್ತದೆ. ವೊರಿಕೊನಜೋಲ್‌ನಲ್ಲಿ ಇರುವುದು ಒಂದೇ ತೂಕದ ಫ್ಲೋರಿನ್ ಆದ್ದರಿಂದ ಅದಕ್ಕೆ ಮೂರೇ ಸಾಕು. ಇನ್ನು, ಮಾನಕದ ಸೀಸೆಯಲ್ಲಿಯೇ ಗುರುತಿಲ್ಲದ ಮೂಲ ಔಷಧ ಅಲ್ಪಸ್ವಲ್ಪ ಉಳಿದಿದ್ದರೆ, ಔಷಧವೇ ಇಲ್ಲದ ರಕ್ತದಲ್ಲಿಯೂ ಔಷಧ ಕಾಣಿಸುತ್ತದೆ. ಇಂಥ ಅಳತೆ ವಿಧಾನಗಳಿಗೆಂದು 2022ರಲ್ಲಿ ಅಂತಿಮಗೊಂಡ ಐಸಿಎಚ್ ಎಂ10 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯು ಇಂಥ ಸುಳ್ಳು ಸಂಕೇತ ಅಳೆಯಬಲ್ಲ ಕನಿಷ್ಠ ಮಟ್ಟದ ಸಂಕೇತದ ಶೇಕಡ 20ನ್ನು ಮೀರಬಾರದೆಂದು ವಿಧಿಸಿದೆ.

ಇಂಥ ಮಾನಕ ದುಬಾರಿಯೆಂಬ ದೂರಿಗೆ ಉತ್ತರ ಚಿಕ್ಕದು: ಒಂದು ಮಾದರಿಗೆ 20 ನ್ಯಾನೊಗ್ರಾಂ ಹಾಕಿದರೆ ಒಂದೇ ಮಿಲಿಗ್ರಾಂ ಮಾನಕ, ಪೋಲಾಗುವುದನ್ನು ಬಿಟ್ಟರೆ, 50,000 ಮಾದರಿಗಳಿಗೆ ಬರುತ್ತದೆ.

ತಪ್ಪು ಕಲ್ಪನೆ: ಗದ್ದೆಯ ಔಷಧಕ್ಕೂ ಆಸ್ಪತ್ರೆಯ ಔಷಧಕ್ಕೂ ಸಂಬಂಧವಿಲ್ಲ.

ಕಬ್ಬಿನ ಕಾಡಿಗೆ ರೋಗಕ್ಕೆ ಬಿತ್ತನೆ ತುಂಡುಗಳನ್ನು ಅದ್ದುವ ಪ್ರೊಪಿಕೊನಜೋಲ್, ಭತ್ತಕ್ಕೆ ಸಿಂಪಡಿಸುವ ಟೆಬುಕೊನಜೋಲ್, ಆಸ್ಪತ್ರೆಯ ವೊರಿಕೊನಜೋಲ್, ಇವೆಲ್ಲ ಶಿಲೀಂಧ್ರದ ಒಂದೇ ಕಿಣ್ವವನ್ನು ಕಟ್ಟಿಹಾಕಿ ಅದರ ಜೀವಕೋಶದ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದಂತೆ ಮಾಡುತ್ತವೆ. ಹೊಲದ ಅಜೋಲ್‌ಗಳಿಗೆ ಒಗ್ಗಿಕೊಂಡ ಆಸ್ಪರ್ಜಿಲಸ್ ಶಿಲೀಂಧ್ರವು ಆಸ್ಪತ್ರೆಯ ಅಜೋಲ್‌ಗೂ ಬಗ್ಗದಿರುವ ಸಂಗತಿ 2012ರಲ್ಲಿ ಭಾರತದ ಮಣ್ಣಿನಿಂದಲೂ ವರದಿಯಾಗಿದೆ. ಹೆಸರು ಕೇಳಿ ಮೋಸಹೋಗಬಾರದು: ಬೆಂಕಿ ರೋಗಕ್ಕೆ ಬಳಸುವ ಟ್ರೈಸೈಕ್ಲಜೋಲ್ ಈ ಸಾಲಿಗೆ ಸೇರದು, ಅದು ತಡೆಯುವುದು ಶಿಲೀಂಧ್ರದ ಮೆಲನಿನ್ ತಯಾರಿಕೆಯನ್ನು. ಆದರೆ ಅಳೆಯುವ ವಿದ್ಯೆ ಎಲ್ಲಕ್ಕೂ ಒಂದೇ. ಐರೋಪ್ಯ ಒಕ್ಕೂಟವು 2018ರ ಆರಂಭದಿಂದ ಅಕ್ಕಿಯಲ್ಲಿ ಟ್ರೈಸೈಕ್ಲಜೋಲ್ ಮಿತಿಯನ್ನು ಕಿಲೋಗೆ 0.01 ಮಿಲಿಗ್ರಾಂಗೆ ಇಳಿಸಿತು, ಅಂದರೆ ಸಾವಿರ ಟನ್ ಅಕ್ಕಿಯಲ್ಲಿ 10 ಗ್ರಾಂ. ಪಿಷ್ಟ ತುಂಬಿದ ಅಕ್ಕಿಯ ಸಾರದಲ್ಲಿ ಇಷ್ಟು ಸಣ್ಣ ಪ್ರಮಾಣವನ್ನು ನಂಬಿಕೆಯಿಂದ ಹೇಳಬೇಕಾದಾಗ ಗುರುತಿನ ಮಾನಕದ ಬೆಲೆ ತಿಳಿಯುತ್ತದೆ.

ಕೊನೆಗೆ, ಮಾನಕ ಎಲ್ಲ ತಪ್ಪನ್ನೂ ತಿದ್ದುತ್ತದೆಂಬ ನಂಬಿಕೆ. ಅದು ತಿದ್ದುವುದು ತಾನು ನಳಿಕೆಗೆ ಬಿದ್ದ ನಂತರದ ನಷ್ಟವನ್ನು ಮಾತ್ರ, ಆದ್ದರಿಂದ ಪ್ರೋಟೀನ್ ಗಟ್ಟಿಗಟ್ಟಿಸುವ ಮೊದಲೇ ಅದನ್ನು ಸೇರಿಸಬೇಕು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯಾಗಲಿ, ಮಂಡ್ಯದ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯಾಗಲಿ, ಬೆಂಗಳೂರಿನ ದೊಡ್ಡ ಆಸ್ಪತ್ರೆಯಾಗಲಿ, ರಕ್ತವನ್ನು ತಪ್ಪು ಹೊತ್ತಿನಲ್ಲಿ ತೆಗೆದಿದ್ದರೆ ಯಾವ ಡ್ಯೂಟೀರಿಯಂ ಅಣುವೂ ಅದನ್ನು ಸರಿಪಡಿಸಲಾರದು. ಆದ್ದರಿಂದ ವೊರಿಕೊನಜೋಲ್ ಸೇವಿಸುತ್ತಿರುವವರು ಪರೀಕ್ಷೆಯ ದಿನ ವೈದ್ಯರು ಹೇಳಿದಂತೆ ಮುಂದಿನ ಮಾತ್ರೆ ನುಂಗುವ ಮೊದಲೇ ರಕ್ತ ಕೊಟ್ಟು, ಹಿಂದಿನ ಮಾತ್ರೆ ನುಂಗಿದ ಗಂಟೆಯನ್ನೂ, ಅಂಗಡಿಯಿಂದ ತಾವೇ ತಂದು ನುಂಗಿದ ಬೇರೆ ಮಾತ್ರೆಗಳ ಹೆಸರನ್ನೂ ಮುಚ್ಚಿಡದೆ ಪರೀಕ್ಷೆಯ ಚೀಟಿಯಲ್ಲಿ ಬರೆಸಬೇಕು.